ಎಣ್ಣೆ ಕೈ

ಫೆಬ್ರವರಿ ೧೦, ೨೦೨೫

ನಾಳೆಯಿಂದ ಹೊಸ ಕೆಲಸ. ಹನ್ನೊಂದು ತಿಂಗಳಲ್ಲಿ ಇದು ಐದನೆಯದು. ಮೊಬೈಲ್ ಅಂಗಡಿ ಬಿಟ್ಟದ್ದು, ಈ ಗಾಜು ಒರಿಜಿನಲ್ಲಾ ಎಂದು ಗಿರಾಕಿಯೊಬ್ಬ ಕೇಳಿದ್ದಕ್ಕೆ. ಬಳೆ ಅಂಗಡಿ ಬಿಟ್ಟದ್ದು, ಈ ಬಣ್ಣ ನನಗೆ ಒಪ್ಪುತ್ತದೆಯೇ ಎಂದು ಒಬ್ಬಳು ಕೇಳಿದ್ದಕ್ಕೆ. ಕೋಲ್ಡ್ ಸ್ಟೋರೇಜಿನಲ್ಲಿ ಯಾರೂ ಏನೂ ಕೇಳಲಿಲ್ಲ. ಅಲ್ಲಿ ದಿನವಿಡೀ ಒಂದೇ ಕುರ್ಚಿಯಲ್ಲಿ ಕೂರಬೇಕಿತ್ತು, ಆಗಲಿಲ್ಲ. ನಾಲ್ಕನೆಯದು ಒಂದೂವರೆ ದಿನ. ಪ್ರತಿ ಸಲ ಯಾಕೆ ಬಿಟ್ಟೆ ಎಂದು ಅವ್ವ ಕೇಳುವ ಹೊತ್ತಿಗೆ ನನಗೇ ಮರೆತಿರುತ್ತದೆ. ಈ ಸಲ ಬರೆದಿಡುತ್ತೇನೆ.

ಕೆಲಸ ಹುಡುಕಿಕೊಟ್ಟವರು ಚಮನಸಾಬರು. ಬ್ಯಾಡಗಿಯಲ್ಲಿ ಅವರದೊಂದು ರಂಜಕದ ಫ್ಯಾಕ್ಟರಿ ಇದೆ. ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆದ ಕೆಂಪು ಚಟ್ನಿಯೇ ರಂಜಕ. ಅವ್ವ ಅಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದಾಳೆ. ಅವರ ದೊಡ್ಡ ತೊಟ್ಟಿಯಲ್ಲಿ ತಿರುವಿದರೆ ನಡುವಿನ ರಂಜಕ ತಿರುಗುತ್ತದೆ, ಮೂಲೆಯದು ಕೂತಲ್ಲೇ ಕೂತು ಕೆಡುತ್ತದೆ. ಹಾವೇರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬ ಮೇಡಂ ಇದನ್ನೇ ಓದುತ್ತಿದ್ದಾರಂತೆ. ಅವರಿಗೆ ಒಂದು ಡಬ್ಬಿ ನೋಡುತ್ತ ಕೂರಲು ಜನ ಬೇಕಂತೆ.

"ನೋಡೂದಷ್ಟ ಏನ್ರಿ?" ಎಂದೆ.

"ನೋಡಿದ್ದು ಬರೀಬೇಕು," ಎಂದರು ಚಮನಸಾಬರು. "ಇದ್ದದ್ದು ಇದ್ದಂಗ ಬರಿಯಾವ್ರ ಬೇಕಂತ. ನಾ ಅಂದೆ, ನಮ್ಮ ಕರಿಯವ್ವನ ಮಗಳು ಭರಮವ್ವ ಅದಾಳ, ಅಕಿಗೆ ಅದೊಂದ ರೋಗ ಐತಿ ಅಂತ."

ಫೆಬ್ರವರಿ ೧೧

ರೈಲು ಬ್ಯಾಡಗಿಗೆ ಬಂದಾಗ ಮೇಡಂ ಕಿಟಕಿಯ ಪಕ್ಕ ಕೂತಿದ್ದರು. ಹೆಸರು ಸುಚಿತ್ರಾ, ಊರು ರಾಣೇಬೆನ್ನೂರು, ವಯಸ್ಸು ಮೂವತ್ತೆರಡು. ನಮ್ಮೂರ ಗಾಳಿಗೆ ಏಳು ಸಲ ಸೀನಿದರು. ಮೇಡಂ ಅನ್ನಬೇಡ ಎಂದರು. ಅಕ್ಕಾರ ಅನ್ನುತ್ತೇನೆ ಎಂದೆ. ಹಾವೇರಿ ಬರುವಷ್ಟರಲ್ಲಿ ಕೆಲಸದ ಬಗ್ಗೆ ಎಲ್ಲ ಹೇಳಿದರು. ಅರ್ಧ ಅರ್ಥವಾಯಿತು ಎಂದು ಹೇಳಿದೆ. ಕಾಲೇಜಿನಲ್ಲಿ ಮತ್ತೆ ಹೇಳಿದರು.

ಅಲ್ಲೊಂದು ಗಾಜಿನ ಡಬ್ಬಿ ಇದೆ. ಗೇಣುದ್ದ, ಗೇಣಗಲ, ನಾಲ್ಕು ಬೆರಳು ದಪ್ಪ. ಎಲ್ಲ ಕಡೆ ಮುಚ್ಚಿದೆ. ಮೇಲುಗಡೆ ಮಾತ್ರ ಗಾಜಿನ ಬದಲು ಒಂದು ರಬ್ಬರ್ ಪಟ್ಟಿ, ಮೋಟರು ಅದನ್ನು ಒಂದೇ ದಿಕ್ಕಿಗೆ ನಿಧಾನವಾಗಿ ಎಳೆಯುತ್ತದೆ. ಒಳಗೆ ರಂಜಕ. ಪಟ್ಟಿಯ ಜೊತೆ ಎಷ್ಟು ರಂಜಕ ಹೊರಡುತ್ತದೆ, ಎಲ್ಲಿಂದಾಚೆಯದು ಅಲುಗದೆ ಕೂರುತ್ತದೆ ಎನ್ನುವುದೇ ಸುಚಿತ್ರಕ್ಕನ ಐದು ವರ್ಷದ ಓದು.

"ನೀರನ್ನ ಚೂರು ನೂಕಿದ್ರ ಚೂರು ಹರೀತದ," ಎಂದರು. "ರಂಜಕ ಹಂಗಲ್ಲ. ಅದಕ್ಕೊಂದು ಮಣಿಯೋ ಮಟ್ಟ ಅಂತ ಐತಿ. ಅಲ್ಲೀತನಾ ನೂಕಿದ್ರೂ ಕಲ್ಲಿನಂಗ ಕುಂದರತದ. ಅದು ದಾಟಿತಂದ್ರ ಹರೀತದ."

ಕಂಪ್ಯೂಟರಿನಲ್ಲಿ ಇದೇ ಡಬ್ಬಿಯ ಚಿತ್ರವನ್ನು ಹದಿನಾರು ಸಾವಿರ ಚಿಕ್ಕ ಚೌಕಗಳಾಗಿ ಮಾಡಿದ್ದಾರೆ. ನಿನ್ನ ಮೇಲೆ ಎಷ್ಟು ನೂಕು ಬಿದ್ದಿದೆ, ಹರಿಯುತ್ತೀಯೋ ಕೂರುತ್ತೀಯೋ ಎಂದು ಕಂಪ್ಯೂಟರ್ ಒಂದೊಂದು ಚೌಕಕ್ಕೂ ಕೇಳುತ್ತದೆ. ಒಂದು ಚೌಕ ಉತ್ತರ ಬದಲಿಸಿದರೆ ಅಕ್ಕಪಕ್ಕದವೂ ಬದಲಿಸುತ್ತವೆ. ಹಾಗಾಗಿ ಮತ್ತೆ ಕೇಳಬೇಕು. ಎಲ್ಲರೂ ಒಂದೇ ಮಾತಿಗೆ ನಿಲ್ಲುವವರೆಗೆ ಕೇಳುತ್ತಲೇ ಇರುತ್ತದೆ. ಒಂದು ಸಲಕ್ಕೆ ಮೂರು ದಿನ ಹಿಡಿಯುತ್ತದೆ.

"ಕಂಪ್ಯೂಟರ್ ಹೇಳಿದ್ದು ಖರೇ ಅಂತ ಯಾರ ಹೇಳ್ತಾರ್ರಿ?"

"ನೀ ಹೇಳಬೇಕು. ಅದಕ್ಕ ಕರಸೇನಿ."

ಜೂನ್ ಮೂವತ್ತರ ಸಂಜೆ ಐದರೊಳಗೆ ಪಿಎಚ್‌ಡಿ ಪ್ರಬಂಧದ ನಾಲ್ಕು ಪ್ರತಿ ಕಾಲೇಜಿನ ಆಫೀಸಿಗೆ ಹೋಗಬೇಕು. ಎರಡು ಸಲ ಗಡುವು ಮುಂದೆ ಹಾಕಿಸಿಕೊಂಡಿದ್ದಾರೆ, ಮೂರನೆಯದಿಲ್ಲ. ತಪ್ಪಿದರೆ ನೋಂದಣಿ ರದ್ದು, ಐದು ವರ್ಷ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ನಾನು ಕೇಳಿರಲಿಲ್ಲ, ಅವರೇ ಹೇಳಿದರು.

ಫೆಬ್ರವರಿ ೧೨

ಬೆಳಿಗ್ಗೆ ಅಕ್ಕ ಹುಡುಗರಿಗೆ ಪಾಠ ಮಾಡುತ್ತಾರೆ. ಅವರು ಬರುವುದರೊಳಗೆ ನಾನು ಡಬ್ಬಿ ತುಂಬಿಡಬೇಕು. ಗೋಡೆಗೆ ಒಂಬತ್ತು ಸಾಲಿನ ಕೆಲಸದ ಪಟ್ಟಿ ಅಂಟಿಸಿದ್ದಾರೆ. ಒಂದು, ಡಬ್ಬಿ ಸಜ್ಜು ಮಾಡುವುದು. ಎರಡು, ಡಬ್ಬಿಯನ್ನು ಅಂಗಾತ ಮಲಗಿಸಿ ರಂಜಕ ತುಂಬಿ ಮೇಲ್ಮೈ ಸಮ ಮಾಡುವುದು. ಮೂರು, ಅದರ ಮೇಲೆ ಬಿಳಿ ಎಳ್ಳು ಹತ್ತು ಸಾಲು, ಸಾಲಿಗೆ ಹತ್ತು, ಚಿಮಟದಿಂದ ಇಡುವುದು. ಆಮೇಲೆ ಮುಂದಿನ ಗಾಜು ಮುಚ್ಚಿ ಎತ್ತಿ ನಿಲ್ಲಿಸಿ ಮೋಟರು ಹಾಕುವುದು ಇತ್ಯಾದಿ. ಅವ್ವ ರಂಜಕದ ಕ್ಯಾನಿನ ಜೊತೆ ತುಂಬುವ ಸಾಮಾನಿನ ಚೀಲವನ್ನೂ ಕೊಟ್ಟಿದ್ದಳು, ಕಷ್ಟವಾಗಲಿಲ್ಲ.

ಹತ್ತು ನಿಮಿಷಕ್ಕೊಮ್ಮೆ ಯಾವ ಎಳ್ಳು ಎಲ್ಲಿದೆ ಎಂದು ಗೀಟು ಹಾಕಿದ ಹಾಳೆಯಲ್ಲಿ ಗುರುತಿಸಬೇಕು. ಇದಕ್ಕೊಂದು ಕ್ಯಾಮೆರಾ ಕೇಳಿ ಎರಡು ವರ್ಷವಾಯಿತಂತೆ. ಅದು ಬಂದಿದ್ದರೆ ನಾನು ಬರುತ್ತಿರಲಿಲ್ಲ.

ನೋಡುತ್ತ ಕೂತರೆ ಏನೂ ಆಗುವುದಿಲ್ಲ. ಆರು ಸಲ ಎದ್ದು ಹೊರಗೆ ಹೋದೆ. ಎರಡು ಸಲ ಚಹಾ, ಒಂದು ಸಲ ಗೇಟಿನವರೆಗೆ, ಮೂರು ಸಲ ಸುಮ್ಮನೆ. ತಪ್ಪಿದ ಅಳತೆಗಳ ಜಾಗದಲ್ಲಿ "ಹೊರಗೆ ಹೋಗಿದ್ದೆ" ಎಂದು ಬರೆದೆ. ಸಂಜೆ ಅಕ್ಕ ಹಾಳೆಯನ್ನು ಬಹಳ ಹೊತ್ತು ನೋಡಿದರು. ಇವತ್ತೇ ಈ ಕೆಲಸವೂ ಹೋಯಿತು ಅಂದುಕೊಂಡೆ. ನನಗಿಂತ ಮೊದಲು ಈ ಕೆಲಸಕ್ಕಿದ್ದವರ ಹಾಳೆಯಲ್ಲಿ ಒಂದೂ ಖಾಲಿ ಜಾಗ ಇರಲಿಲ್ಲವಂತೆ. "ಅವರ ಅಳತಿ ಈಗ ಯಾವದೂ ನಂಬಾಕ ಬರಂಗಿಲ್ಲ," ಎಂದು ತಮಗೆ ತಾವೇ ಅಂದುಕೊಂಡರು.

ಫೆಬ್ರವರಿ ೨೦

ರೈಲಿನಲ್ಲಿ ಅಕ್ಕ ಓದು ಯಾಕೆ ಬಿಟ್ಟೆ ಎಂದು ಕೇಳಿದರು. ಪಿಯುಸಿ ಎರಡನೆಯ ವರ್ಷದ ಪರೀಕ್ಷೆಗೆ ತಪಾಸಣೆಯವರು ಬಂದು, ಯಾರ ಹತ್ತಿರವಾದರೂ ಚೀಟಿ ಇದೆಯೇ ಎಂದು ಕೇಳಿದರು. ಇತ್ತು. ಎದ್ದು ನಿಂತೆ. ನಲವತ್ತೊಂದು ಜನರಲ್ಲಿ ಎದ್ದವಳು ನಾನೊಬ್ಬಳೇ. ಚೀಟಿ ಎಲ್ಲರದೂ ಒಂದೇ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದ್ದು. ಮತ್ತೆ ಬರೆಯಬಹುದಿತ್ತು, ಕೂತು ಓದಲು ಆಗಲಿಲ್ಲ.

ಅಕ್ಕ ನಗಲಿಲ್ಲ. ಚೀಟಿಯಲ್ಲಿದ್ದ ಉತ್ತರ ಸರಿ ಇತ್ತೇ ಎಂದು ಕೇಳಿದರು. ತಪ್ಪಿತ್ತು.

ಮಾರ್ಚ್ ೫

ಗೊಂದಲ. ರಬ್ಬರ್ ಪಟ್ಟಿಯಿಂದ ನಾಲ್ಕು ಬೆರಳು ಕೆಳಗೆ ರಂಜಕ ಅಲುಗುವುದೇ ಇಲ್ಲ ಎಂದು ಕಂಪ್ಯೂಟರ್ ಹೇಳುತ್ತದೆ. ಡಬ್ಬಿಯಲ್ಲಿ ಒಂಬತ್ತನೆಯ ಸಾಲಿನ ಎಳ್ಳು ಕೂಡ ಸರಿಯುತ್ತಿದೆ. ಕೆಳಗಿನ ಎರಡು ಮೂಲೆಗಳು ಮಾತ್ರ ಸುಮ್ಮನಿವೆ, ಅದೂ ಹೆಬ್ಬೆರಳಿನ ಉಗುರಿನಷ್ಟು.

ಅಕ್ಕ ನನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಖರೇ ನೋಡಿ ಬರೆದಿದ್ದೀಯಾ ಎಂದು ಕೇಳಿದರು. ನೋಡಿಯೇ ಬರೆದಿದ್ದೇನೆ, ನಂಬಿಕೆ ಇಲ್ಲದಿದ್ದರೆ ನೀವೇ ಕೂರಿ ಎಂದೆ. ಆ ಮಾತು ಬಿರುಸಾಯಿತು. ಆದರೆ ಅದರಲ್ಲಿ ಸುಳ್ಳಿರಲಿಲ್ಲ.

ಮಾರ್ಚ್ ೬

ಅಕ್ಕ ಬಂದು ಕೂತರು. ನಾನು ತುಂಬಿಟ್ಟ ಡಬ್ಬಿ ಎದುರಿಗೆ ಇಬ್ಬರೂ ಮೂರು ಗಂಟೆ ಕೂತೆವು. ಎಳ್ಳು ಸರಿಯಿತು. ಅವರು ಕಂಪ್ಯೂಟರಿಗೂ ಎಳ್ಳಿಗೂ ಮುಖ ತಿರುಗಿಸುತ್ತ, ಐದು ವರ್ಷದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕತೊಡಗಿದರು. ಊಟದ ಡಬ್ಬಿ ಹಾಗೆಯೇ ಉಳಿಯಿತು. ಅದನ್ನು ನಾನು ತಿಂದೆ, ಕೇಳಿಯೇ ತಿಂದೆ.

ಮಾರ್ಚ್ ೨೧

ಅಕ್ಕನ ಮಾರ್ಗದರ್ಶಕರು ಪ್ರವೀಣಕುಮಾರ ಸರ್. ಮೆತ್ತಗೆ ಮಾತಾಡುತ್ತಾರೆ, ಯಾವಾಗಲೂ ನಿಂತೇ ಇರುತ್ತಾರೆ. ಅವರೊಂದು ದಾರಿ ಹೇಳಿದರು. ರಂಜಕ ಗಾಜಿಗೆ ಅಂಟಿಕೊಂಡಿರುತ್ತದೆ ಎಂದು ಕಂಪ್ಯೂಟರಿಗೆ ಹೇಳಿದ್ದೀರಿ, ಅದು ಜಾರುತ್ತಿರಬಹುದಲ್ಲ ಎಂದರು. ರಂಜಕ ತನ್ನದೇ ರಸ ಬಿಟ್ಟುಕೊಂಡು ಗಾಜಿನ ಮೇಲೆ ಜಾರಿದರೆ ಹೀಗಾಗಬಹುದಂತೆ.

ಅಕ್ಕ ಅಂದಿನಿಂದ ಕಂಪ್ಯೂಟರಿಗೆ ಜಾರುವುದನ್ನು ಕಲಿಸುತ್ತಿದ್ದಾರೆ. ನಾನು ತುಂಬುತ್ತೇನೆ, ನೋಡುತ್ತೇನೆ, ಬರೆಯುತ್ತೇನೆ, ತೊಳೆಯುತ್ತೇನೆ. ಬರೆಯುವಂಥದ್ದು ಬೇರೇನಿಲ್ಲ.

ಏಪ್ರಿಲ್ ೮

ಕೂಡಿತು. ಕಂಪ್ಯೂಟರಿನ ಗೆರೆ, ನನ್ನ ಚುಕ್ಕಿಗಳು, ಒಂದರ ಮೇಲೊಂದು. ಇಪ್ಪತ್ತೆರಡು ಸಲ ತುಂಬಿದ ಅಳತೆಗಳೆಲ್ಲ ಆ ಗೆರೆಯ ಮೇಲೆಯೇ ಬಂದವು. ಸರ್ ಮೊದಲ ಸಲ ಕುರ್ಚಿಯಲ್ಲಿ ಕೂತರು. ಇದು ಸಣ್ಣ ಮಾತಲ್ಲ, ರಂಜಕ ತಾನೇ ರಸ ಬಿಟ್ಟು ಜಾರುತ್ತದೆ ಎಂದು ಅಳೆದು ತೋರಿಸಿದವರು ಯಾರೂ ಇಲ್ಲ, ಪ್ರಬಂಧದ ಜೀವವೇ ಇದು ಎಂದರು.

ಅಕ್ಕ ಮುಖ ತೊಳೆದುಕೊಂಡು ಬರುತ್ತೇನೆ ಎಂದು ಹೋಗಿ ಅರ್ಧ ಗಂಟೆ ಬರಲಿಲ್ಲ. ಬಂದ ಮೇಲೆ ಕಣ್ಣು ಕೆಂಪಗಿದ್ದವು. ರಂಜಕದ ಕೈ ತಾಗಿರಬೇಕು ಎಂದರು. ಅವರು ಅವತ್ತು ರಂಜಕ ಮುಟ್ಟಿರಲಿಲ್ಲ. ನಾನು ಅದನ್ನು ಹೇಳಲಿಲ್ಲ.

ಏಪ್ರಿಲ್ ೩೦

ಮೇಡ್ಲೇರಿಯಲ್ಲಿ ಸೋದರಮಾವನ ಮಗಳ ಮದುವೆ. ಎರಡು ದಿನ ಹೋಗಿದ್ದೆ. ಆ ಎರಡು ದಿನ ಅಕ್ಕನೇ ಡಬ್ಬಿ ತುಂಬಿದ್ದಾರೆ. ಅವರ ಹಾಳೆಯಲ್ಲಿ ಐದನೆಯ ಸಾಲಿನಿಂದ ಕೆಳಗೆ ಒಂದು ಎಳ್ಳೂ ಅಲುಗಿಲ್ಲ. ಹಾಳೆಯ ಮೇಲೆ ಅಡ್ಡಗೆರೆ ಎಳೆದು "ದೋಷ" ಎಂದು ಬರೆದಿದ್ದಾರೆ. ತಮಗೆ ತುಂಬುವ ಕೈ ಇಲ್ಲ, ಗಾಳಿ ಸೇರಿರಬೇಕು ಎಂದರು. ಪ್ರಬಂಧ ಮುಗಿಸಿ ಬೈಂಡಿಗೆ ಕೊಡುವ ಅವಸರದಲ್ಲಿದ್ದಾರೆ.

ಗಾಳಿ ಸೇರಿದ್ದರೆ ಗಾಜಿನ ಹಿಂದೆ ಗುಳ್ಳೆ ಕಾಣಬೇಕು. ಡಬ್ಬಿ ಇನ್ನೂ ತೊಳೆದಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಗುಳ್ಳೆ ಇರಲಿಲ್ಲ.

ಮೇ ೩

ಅವ್ವ ಚಪಾತಿ ಬೇಯಿಸುತ್ತಿದ್ದಳು. ಅಕ್ಕ ತುಂಬಿದರೆ ಕೂರುವ ರಂಜಕ ನಾನು ತುಂಬಿದರೆ ಯಾಕೆ ಸರಿಯುತ್ತದೆ ಎಂದು ಕೇಳಿದೆ. ಅವ್ವನನ್ನೇ ಕೇಳಿದ್ದಲ್ಲ, ಬಾಯಿಂದ ಬಂತು.

"ಅಕಿ ಎಣ್ಣಿ ಕೈ ಆಡಿಸ್ಯಾಳಿಲ್ಲೊ?" ಎಂದಳು ಅವ್ವ, ಹಂಚಿನಿಂದ ಕಣ್ಣು ತೆಗೆಯದೆ.

ನಮ್ಮಲ್ಲಿ ರಂಜಕ ತುಂಬುವ ಪಾತ್ರೆ ಸಜ್ಜು ಮಾಡುವುದೆಂದರೆ ತೊಳೆಯಬೇಕು, ಬಿಸಿಲಿಗಿಟ್ಟು ಒಣಗಿಸಬೇಕು, ಅಂಗೈಗೆ ಕುಸುಬಿ ಎಣ್ಣೆ ಹಾಕಿಕೊಂಡು ಒಳಗೆಲ್ಲ ಒಮ್ಮೆ ಸವರಬೇಕು. ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ಎಣ್ಣೆ ಕೈ ಆಡಿಸದ ಪಾತ್ರೆಗೆ ಅವ್ವ ಹಸಿ ಪಾತ್ರೆ ಅನ್ನುತ್ತಾಳೆ, ಅದು ಒಣಗಿದ್ದರೂ. ಅವಳು ಕೊಡುವ ಚೀಲದಲ್ಲಿ ಎಣ್ಣೆಯ ಸಣ್ಣ ಬಾಟಲಿ ಯಾವಾಗಲೂ ಇರುತ್ತದೆ. ಗೋಡೆಯ ಪಟ್ಟಿಯ ಮೊದಲ ಸಾಲಿನಲ್ಲಿ "ಸಜ್ಜು ಮಾಡುವುದು" ಎಂದಿತ್ತು. ನಾನು ಮಾಡಿದೆ. ಮುಂದಿನ ಗಾಜಿಗೂ ಸವರಿದೆ. ರಬ್ಬರ್ ಪಟ್ಟಿ ಪಾತ್ರೆಯಲ್ಲ, ಅದಕ್ಕೆ ಮಾತ್ರ ಇಲ್ಲ.

ಇದನ್ನು ಮುಚ್ಚಿಟ್ಟಿರಲಿಲ್ಲ. ಉಣ್ಣುವ ಮುಂಚೆ ಕೈ ತೊಳೆದೆ ಎಂದು ಯಾರು ಬರೆದಿಡುತ್ತಾರೆ.

ರಸ ಬಿಟ್ಟು ಜಾರಿದ್ದು ರಂಜಕವಲ್ಲ. ನನ್ನ ಎಣ್ಣೆ.

ಮೇ ೪

ಫೋನು ಮಾಡಿ ಹೇಳಬೇಕೆಂದು ಎರಡು ಸಲ ತೆಗೆದೆ. ಆದರೆ ನನಗೆ ಅನ್ನಿಸಿದೆ ಅಷ್ಟೆ, ನಾನು ನೋಡಿಲ್ಲ. ಅಕ್ಕ ಮೂರು ದಿನ ಧಾರವಾಡಕ್ಕೆ ತರಬೇತಿಗೆ ಹೋಗುತ್ತಿದ್ದಾರೆ. ಬೀಗದ ಕೈ ನನ್ನ ಬಳಿ ಇದೆ.

ಮೇ ೫

ಎಣ್ಣೆ ಹಚ್ಚದೆ ತುಂಬಿದೆ. ಒಂಬತ್ತೂವರೆಯಿಂದ ಒಂದೂವರೆವರೆಗೆ. ಇಪ್ಪತ್ತೈದು ಅಳತೆ, ಖಾಲಿ ಜಾಗವಿಲ್ಲ. ಐದನೆಯ ಸಾಲಿನಿಂದ ಕೆಳಗೆ ಏನೂ ಅಲುಗಲಿಲ್ಲ.

ಮೇ ೬

ಎಣ್ಣೆ ಹಚ್ಚಿ ತುಂಬಿದೆ. ಒಂಬತ್ತನೆಯ ಸಾಲು ಸರಿಯಿತು.

ಮೇ ೭

ಎಣ್ಣೆ ಇಲ್ಲದೆ. ಅಲುಗಲಿಲ್ಲ. ನಡುವೆ ಕರೆಂಟು ಹೋಗಿ ಹನ್ನೊಂದು ನಿಮಿಷ ಮೋಟರು ನಿಂತಿತ್ತು, ಅದನ್ನೂ ಬರೆದಿದ್ದೇನೆ. ಅಕ್ಕನ ಮೊದಲಿನ ಲೆಕ್ಕದ ಚಿತ್ರ ತೆಗೆದು ಪಕ್ಕದಲ್ಲಿಟ್ಟೆ. ಅವರು ತಪ್ಪೆಂದು ಬಿಟ್ಟುಬಿಟ್ಟ ಆ ಲೆಕ್ಕ ಬಹುತೇಕ ಸರಿ ಇತ್ತು.

ಸಂಜೆ ಅವ್ವ, ಈಗೀಗ ಒಂದು ಕಡೆ ಕೂರುತ್ತೀಯಲ್ಲ, ಮೈ ಹುಷಾರಿದೆಯೇ ಎಂದು ಕೇಳಿದಳು. ಕೂರುವುದೇನೂ ಇಲ್ಲ, ನೋಡುವ ಕೆಲಸ ಇತ್ತು ಎಂದೆ.

ಮೇ ೮

ರೈಲು ಹತ್ತಿದ ಕೂಡಲೇ ಹೇಳಿದೆ. ಬ್ಯಾಡಗಿ ಪ್ಲಾಟ್‌ಫಾರ್ಮು ಇನ್ನೂ ಕಿಟಕಿಯಲ್ಲಿ ಕಾಣುತ್ತಿತ್ತು. ಮೂರು ಹಾಳೆ ತೊಡೆಯ ಮೇಲಿಟ್ಟು ತೋರಿಸಿದೆ.

ಅಕ್ಕ ಹಾಳೆಗಳನ್ನು ನೋಡಿದರು. ಆಮೇಲೆ ಕೇಳಿದರು.

"ಪ್ರತಿ ಸಲ ಹಚ್ಚಿದಿ?"

"ಪ್ರತಿ ಸಲ ರೀ. ಇಪ್ಪತ್ತಾರು ಸಲ."

"ಒಂದ ಸಲಾನೂ ಮರತಿಲ್ಲ?"

"ಇಲ್ರಿ. ಮರತ್ರ ಅವ್ವ ಬೈತಾಳ."

ಎದುರಿನ ಸೀಟಿನ ಅಜ್ಜಿ ಶೇಂಗಾ ಕೊಟ್ಟಳು. ಅಕ್ಕ ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡಿದ್ದರು. ಹಾವೇರಿಯಲ್ಲಿ ಇಳಿಯುವಾಗ ಮುಷ್ಟಿಯಲ್ಲಿ ಹಾಗೆಯೇ ಇತ್ತು.

ಮೇ ೯

ಸರ್ ಕೋಣೆಗೆ ಇಬ್ಬರನ್ನೂ ಕರೆದರು. ಪ್ರಬಂಧ ಮುಗಿದಿದೆ. ನಾಲ್ಕು ಪ್ರತಿ ಬೈಂಡ್ ಆಗಿ ಬಂದಿವೆ, ಸರ್ ಸಹಿ ಕೂಡ ಆಗಿದೆ. ಮತ್ತೆ ಅಳೆದು, ಮತ್ತೆ ಬರೆದು ಜೂನ್ ಮೂವತ್ತಕ್ಕೆ ಕೊಡುವುದು ಆಗದ ಮಾತು ಎಂದರು. ಅವರು ಸಿಟ್ಟಾಗಲಿಲ್ಲ. ಐದು ವರ್ಷದಲ್ಲಿ ಈಕೆ ಎಷ್ಟು ಸಲ ಬಿಟ್ಟು ಹೋಗಲು ನಿಂತಿದ್ದಳು ಎಂದು ನನಗೆ ಹೇಳಿದರು. ನನಗೆ ಹೇಳಿದರೂ ಅಕ್ಕನ ಕಡೆಗೇ ನೋಡುತ್ತಿದ್ದರು.

"ಎಣ್ಣಿ ಹಚ್ಚೀರೇನು ಅಂತ ಯಾರರೆ ಕೇಳ್ಯಾರೇನು?" ಎಂದರು ಕೊನೆಗೆ.

"ಇಲ್ರಿ ಸರ್."

"ಕೇಳಿದ್ರ ಹೇಳೋಣ."

"ಕೇಳಾಕ ಅವರಿಗೆ ಗೊತ್ತಿರಬೇಕಲ್ರಿ," ಎಂದೆ.

ಅಕ್ಕ ನನ್ನನ್ನು ಹೊರಗೆ ಕರೆದುಕೊಂಡು ಬಂದರು. ಬೀಗದ ಕೈ ಕೇಳಿದರು, ಕೊಟ್ಟೆ. ನಾಳೆಯಿಂದ ಬರುವುದು ಬೇಡ ಎಂದರು. ಸಿಟ್ಟಿಗಾ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಅದು ಸುಳ್ಳಲ್ಲ ಅನ್ನಿಸಿತು.

ಈ ಕೆಲಸ ಹೋದ ಕಾರಣ: ಯಾರೂ ಕೇಳದೆ ಹೇಳಿದ್ದಕ್ಕೆ.

ಮೇ ೧೫

ಮನೆಯಲ್ಲಿದ್ದೇನೆ. ಚಮನಸಾಬರು ಫ್ಯಾಕ್ಟರಿಗೆ ಬಾ ಎಂದರು, ಹೋದೆ. ತೊಟ್ಟಿಯ ಪಕ್ಕ ನಿಂತು ಮೂಲೆ ನೋಡುತ್ತಿದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಒಬ್ಬರು ಬಂದು ಒಳಗೆ ಏನಾದರೂ ಬಿದ್ದಿದೆಯೇ ಎಂದು ಕೇಳಿದರು.

ಅಕ್ಕನಿಗೆ ಫೋನು ಮಾಡಲಿಲ್ಲ. ಹೇಳಬೇಕಾದ್ದನ್ನು ಹೇಳಿದ್ದೇನೆ, ಇನ್ನು ಮಾಡಿದರೆ ಒತ್ತಾಯ ಮಾಡಿದಂತೆ.

ಮೇ ೨೨, ಗುರುವಾರ

ಮಾರ್ಕೆಟ್ಟಿನ ದಿನ. ಬೀದಿಯಲ್ಲೆಲ್ಲ ಮೆಣಸಿನಕಾಯಿ ಲಾರಿಗಳು. ಹನ್ನೊಂದಕ್ಕೆ ಮನೆ ಮುಂದೆ ಯಾರೋ ನಿಲ್ಲಿಸದೆ ಸೀನುತ್ತಿದ್ದರು. ಸುಚಿತ್ರಕ್ಕ. ಕೈಯಲ್ಲಿ ಕಾಲೇಜಿನ ಪುಟ್ಟ ತೂಕದ ಯಂತ್ರ, ಬಟ್ಟೆಯಲ್ಲಿ ಸುತ್ತಿದ ಗಾಜಿನ ಡಬ್ಬಿ.

ಅವ್ವನಿಗೆ ಕೈ ಮುಗಿದು, ಪಾತ್ರೆ ಸಜ್ಜು ಮಾಡುವುದನ್ನು ತೋರಿಸಿ ಎಂದರು. ಇಷ್ಟು ಓದಿದವರು ಇದನ್ನು ಕಲಿಯಲು ರಾಣೇಬೆನ್ನೂರಿನಿಂದ ಬಂದದ್ದಕ್ಕೆ ಅವ್ವನಿಗೆ ಪಾಪ ಅನ್ನಿಸಿತು. ಮೊದಲು ಚಹಾ ಕೊಟ್ಟಳು. ಆಮೇಲೆ ಅಂಗೈಗೆ ಎಣ್ಣೆ ಹಾಕಿಕೊಂಡು ಡಬ್ಬಿಯೊಳಗೆ ಕೈ ಆಡಿಸಿದಳು. ಸವರುವ ಮುಂಚೆ ಒಂದು ಸಲ, ಸವರಿದ ಮೇಲೆ ಒಂದು ಸಲ ಅಕ್ಕ ಡಬ್ಬಿ ತೂಗಿದರು. ಒರೆಸಿ ಮತ್ತೆ ಮಾಡಿಸಿದರು. ಐದು ಸಲ. ಒಂದೂಮುಕ್ಕಾಲು ಗ್ರಾಂ, ಹೆಚ್ಚೆಂದರೆ ಎರಡು.

"ಇಷ್ಟ ಅಂತ ಹೆಂಗ ಗೊತ್ತಾಕ್ಕೈತ್ರಿ ನಿಮಗ?" ಎಂದು ಅವ್ವನನ್ನು ಕೇಳಿದರು.

"ಕೈಗೆ ಗೊತ್ತಾಕ್ಕೈತ್ಯವ್ವಾ," ಎಂದಳು ಅವ್ವ. "ಹೆಚ್ಚಾದ್ರ ಸೋರತದ, ಕಮ್ಮಿ ಆದ್ರ ಬೂಸು ಹಿಡೀತದ."

ಅಕ್ಕ ಅದನ್ನೂ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಎಣ್ಣೆ ಹಚ್ಚಿ ಒಂಬತ್ತು ಸಲ, ಹಚ್ಚದೆ ಒಂಬತ್ತು ಸಲ ಅಳೆಯಬೇಕು, ನಾಳೆಯಿಂದ ಬರುತ್ತೀಯಾ ಎಂದರು.

"ಜೂನ್ ಮೂವತ್ತರೊಳಗ ಆಕ್ಕೈತೇನ್ರಿ, ಅಕ್ಕಾರ?"

"ಆಗಂಗಿಲ್ಲ," ಎಂದರು. ಲೋಟದಲ್ಲಿ ಉಳಿದಿದ್ದ ಚಹಾ ಕುಡಿದರು.

ಹೋಗುತ್ತೇನೆ ಎಂದೆ.

ಜೂನ್ ೧೩

ಎಣ್ಣೆ ಹಚ್ಚಿದ ಒಂಬತ್ತು ಮುಗಿದವು. ಇವು ಜಾರುವ ಲೆಕ್ಕಕ್ಕೆ ಕೂಡುತ್ತವೆ. ಈಗ ಎಷ್ಟು ಎಣ್ಣೆ ಎಂದೂ ಗೊತ್ತಿರುವುದರಿಂದ ಮೊದಲಿಗಿಂತ ಚೆನ್ನಾಗಿ ಕೂಡುತ್ತವೆ.

ಬೈಂಡ್ ಆದ ನಾಲ್ಕು ಪ್ರತಿಗಳು ಚೀಲದಲ್ಲಿ ಮೇಜಿನ ಕೆಳಗೆ ಇವೆ. ಸರ್ ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು 'ಚೀಲ ಅಲ್ಲೇ ಐತಲ್ಲ' ಎಂದು ಕೇಳಿ ಹೋಗುತ್ತಾರೆ. ಅಕ್ಕ ಐತ್ರಿ ಎನ್ನುತ್ತಾರೆ.

ಇವತ್ತು ರೈಲಿನಲ್ಲಿ ಅಕ್ಕ, ಪ್ರಬಂಧದಲ್ಲಿ "ಡಬ್ಬಿಗೆ ಎಣ್ಣೆ ಸವರಲಾಗಿತ್ತು" ಎಂದು ಬರೆಯುತ್ತೇನೆ ಎಂದರು. ಅದು ತಾನೇ ಸವರಿಕೊಂಡಂತೆ ಕೇಳುತ್ತದೆ, ಭರಮವ್ವ ಸವರಿದಳು ಎಂದು ಬರೆಯಿರಿ ಎಂದೆ. ಪ್ರಬಂಧದಲ್ಲಿ ಹೆಸರು ಬರೆಯುವ ಪದ್ಧತಿ ಇಲ್ಲವಂತೆ. ಮೋಟೆಬೆನ್ನೂರಿನ ಕಡೆ ಮಳೆ ಕಾಣುತ್ತಿತ್ತು. ವಾದ ಮುಗಿಯಲಿಲ್ಲ.

ಜೂನ್ ೨೭

ಎಣ್ಣೆ ಇಲ್ಲದ ಎಂಟು ಮುಗಿದವು. ಒಂದು ಉಳಿದಿದೆ. ಎಂಟರಲ್ಲೂ ಮೂಲೆಗಳ ಎಳ್ಳಿನ ಕಾಳು ಸರಿದದ್ದು ಸೊನ್ನೆ. ಕಂಪ್ಯೂಟರಿನ ಮೊದಲ ಲೆಕ್ಕವೂ ಸೊನ್ನೆ. ಅಕ್ಕ ಈಗ ಊಟದ ಡಬ್ಬಿ ಖಾಲಿ ಮಾಡುತ್ತಿದ್ದಾರೆ.

ಜೂನ್ ೩೦, ಸೋಮವಾರ

ಒಂಬತ್ತನೆಯ ಅಳತೆ. ಬೆಳಿಗ್ಗೆ ಕರೆಂಟು ಇರಲಿಲ್ಲ. ಮೋಟರು ಹಾಕಿದ್ದು ಎರಡೂ ಇಪ್ಪತ್ತಕ್ಕೆ. ನಾಲ್ಕು ಗಂಟೆ ನಡೆಯಬೇಕು, ನಡುವೆ ನಿಲ್ಲಿಸುವಂತಿಲ್ಲ.

ನಾಲ್ಕಕ್ಕೆ ಸರ್ ಫೋನು ಮಾಡಿದರು. ಅಕ್ಕ ಎತ್ತಿ, ಅಳತೆ ನಡೆದಿದೆ ಎಂದು ಇಟ್ಟರು. ನಾಲ್ಕೂವರೆಗೆ ಮತ್ತೆ ಬಂತು. ಫೋನು ಮೇಜಿನ ಮೇಲೆ ನಡುಗುತ್ತಿತ್ತು. ಡಬ್ಬಿಗೆ ನಡುಕ ತಾಗಬಾರದೆಂದು ಅದನ್ನು ಎತ್ತಿ ಕಿಟಕಿಯ ಮೇಲಿಟ್ಟೆ. ಚೀಲ ಅಕ್ಕನ ಕಾಲ ಬಳಿ ಇತ್ತು. ಆಫೀಸು ಅದೇ ಕಾರಿಡಾರಿನ ಕೊನೆಯ ಕೋಣೆ. ನಡೆದರೆ ಒಂದು ನಿಮಿಷ.

ನಾಲ್ಕು ಐವತ್ತಕ್ಕೆ ಅಳತೆ ಬರೆದೆ. ಅಕ್ಕ ಎಡಗೈಯಿಂದ ಚೀಲವನ್ನು ಸ್ವಲ್ಪ ಆಚೆ ಸರಿಸಿದರು. ಕಾಲು ಚಾಚಲು ಜಾಗ ಸಾಲುತ್ತಿರಲಿಲ್ಲ. ಐದಕ್ಕೆ ಅಳತೆ ಬರೆದೆ. ಕಾರಿಡಾರಿನಲ್ಲಿ ಕಬ್ಬಿಣದ ಬಾಗಿಲು ಎಳೆದ ಸದ್ದು, ಬೀಗ ಹಾಕಿದ ಸದ್ದು ಕೇಳಿಸಿತು. ಇಬ್ಬರೂ ಅತ್ತ ನೋಡಲಿಲ್ಲ. ಐದು ಹತ್ತರ ಅಳತೆಯನ್ನೂ ಬರೆದೆ.

ಆರು ಗಂಟೆಗೆ ಎಡಗಡೆಯ ಕೆಳಮೂಲೆಯ ಕಾಳು ನನಗೆ ಸರಿ ಕಾಣಲಿಲ್ಲ. ಕಣ್ಣು ಒರೆಸಿಕೊಂಡು ನೋಡಿದೆ. ಅಳತೆಪಟ್ಟಿ ಇಟ್ಟು ನೋಡಿದೆ. ಎದ್ದು ಬಾಗಿಲವರೆಗೆ ಹೋಗಿ ಬಂದು ಮತ್ತೆ ಇಟ್ಟು ನೋಡಿದೆ. ಮೂರು ಸಲವೂ ಅಷ್ಟೇ ಬಂತು. ಅಕ್ಕನಿಗೆ ಹೇಳುವ ಮುಂಚೆ ಕೊನೆಯ ಅಳತೆಯೂ ಆಗಲಿ ಅಂದುಕೊಂಡೆ. ಆರೂ ಇಪ್ಪತ್ತರವರೆಗೆ ಕಾದೆ. ಆಗಲೂ ಅಷ್ಟೇ ಇತ್ತು. ಮೋಟರು ನಿಲ್ಲಿಸಿದೆ.

ಅಷ್ಟರಲ್ಲಿ ಸರ್ ಬಂದರು. ಚೀಲ ಇದ್ದಲ್ಲಿಯೇ ಇರುವುದನ್ನು ನೋಡಿದರು. ಒಂದು ಸ್ಟೂಲು ಎಳೆದುಕೊಂಡು ಕೂತರು. ಏನಾಯಿತು ಎಂದು ಕೇಳಿದರು.

"ಏನೂ ಆಗಿಲ್ರಿ," ಎಂದರು ಅಕ್ಕ. "ಒಂಬತ್ತಕ್ಕ ಒಂಬತ್ತೂ. ಮೂಲಿ ಅಲುಗಿಲ್ಲ."

"ಎಡಗಡಿ ಮೂಲಿ ಕಾಳು ಅರ್ಧ ಮಿಲಿಮೀಟರ್ ಸರದೈತ್ರಿ, ಅಕ್ಕಾರ," ಎಂದೆ. "ನಾಕ ಸಲ ನೋಡೇನಿ."

ಅಕ್ಕ ನನ್ನನ್ನು ನೋಡಿದರು. ಭೂತಗನ್ನಡಿ ಕೇಳಿದರು. ಗಾಜಿಗೆ ಮುಖ ಹಚ್ಚಿ ಒಂದು ನಿಮಿಷ ಹಾಗೆಯೇ ಇದ್ದರು. ಉಸಿರಿಗೆ ಗಾಜು ಮಬ್ಬಾಯಿತು. ಒರೆಸಿ ಮತ್ತೆ ನೋಡಿದರು.

"ಬರಿ," ಎಂದರು.

ಬರೆದೆ. ಆಮೇಲೆ ಸರ್ ಕೂಡ ಭೂತಗನ್ನಡಿ ತೆಗೆದುಕೊಂಡು ನೋಡಿದರು. ಅವರ ಪ್ರಕಾರ ಅರ್ಧಕ್ಕಿಂತ ತುಸು ಕಡಿಮೆ. ಅದನ್ನೂ ಬರೆದೆ.